ಮೊದಲ ಹಾಳೆ

"ಇದರಲ್ಲೂ ಇದೆ," ಎಂದು ಕೇತಕಿ ಪುಸ್ತಕ ಮುಚ್ಚಿ ಮಂಚದ ಮೇಲಿಟ್ಟಳು.

ಗಂಡ ಪರಿತೋಷ್ ಮುಂದಿನ ಪುಸ್ತಕ ಅವಳ ಕೈಗೆ ಕೊಟ್ಟ. ಎರಡು ವರ್ಷದಿಂದ ಬೀಗ ಬಿದ್ದಿದ್ದ ಬೀರುವನ್ನು ಇವತ್ತು ಅವಳೇ ತೆರೆದಿದ್ದಳು. ತಾನು ಮಾತಾಡಿದರೆ ಎಲ್ಲಿ ಮತ್ತೆ ಮುಚ್ಚಿಬಿಡುತ್ತಾಳೋ ಎಂಬ ಭಯ ಅವನಿಗೆ.

ನಾಳೆ ಉತ್ತರ್‌ಪಾಡಾದಲ್ಲಿ ಅವನ ತಮ್ಮನ ಮಗ ತಾತಾನ್‌ನ ಉಪನಯನ. ಜನಿವಾರ ಹಾಕಿದ ಮೇಲೆ ಹುಡುಗ ಮೂರು ದಿನ ಬಿಸಿಲು ಕಾಣದೆ ಮುಚ್ಚಿದ ಕೋಣೆಯಲ್ಲಿ ಕೂತಿರಬೇಕು. ಹೊತ್ತು ಹೋಗಲೆಂದು ನೆಂಟರು ಪುಸ್ತಕ ತರುತ್ತಾರೆ. ತಮ್ಮ ಸ್ವಂತ ಮಗ ಪಿಕ್ಲು ಡೆಂಗಿ ಜ್ವರದಲ್ಲಿ ತೀರಿಹೋದ ಮೇಲೆ ಕೇತಕಿ ಯಾವ ಶುಭಕಾರ್ಯಕ್ಕೂ ಕಾಲಿಟ್ಟಿರಲಿಲ್ಲ. ಮಧ್ಯಾಹ್ನ ಅನ್ನ ಬಡಿಸುತ್ತ ತಾನಾಗಿ ಹೇಳಿದ್ದಳು: "ನಾಳೆ ನಾನೂ ಬರ್ತೀನಿ. ಪಿಕ್ಲು ಪುಸ್ತಕ ಒಂದೆರಡು ತಾತಾನ್‌ಗೆ ಕೊಡೋಣ. ಹುಳ ತಿನ್ನೋದಕ್ಕಿಂತ ಹುಡುಗ ಓದಲಿ."

ಈಗ ತೊಡಕಾಗಿದ್ದು ಮೊದಲ ಹಾಳೆ. ಇವರ ಕಡೆ ಅದರ ಮೇಲೆ ನಾಲ್ಕು ಮಾತು ಬರೆಯದೆ ಪುಸ್ತಕ ಕೊಟ್ಟರೆ ಕೊಟ್ಟಂತೆಯೇ ಅಲ್ಲ. 'ನಮ್ಮ ಪಿಕ್ಲುಗೆ, ಹುಟ್ಟುಹಬ್ಬಕ್ಕೆ, ಚಿಕ್ಕಮಾಮ.' 'ಪಿಕ್ಲುಬಾಬುಗೆ, ದುರ್ಗಾಪೂಜೆಗೆ, ಪಿಶಿ.'

ಆ ಪಿಶಿ, ಪರಿತೋಷ್‌ನ ಅಕ್ಕ ಮಿನತಿ, ಮಂಡಕ್ಕಿಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಹೋದೋನ ಹೆಸರಿರೋ ಪುಸ್ತಕ ತಗೊಂಡು ಜನಿವಾರದ ಮನೆಗೆ ಹೋಗ್ತೀರಾ? ತಾತಾನ್ ತಾಯಿ ಬಾಗಿಲಲ್ಲೇ ಗಂಗಾಜಲ ಚಿಮುಕಿಸ್ತಾಳೆ, ನೋಡ್ತಿರಿ."

"ಹಾಳೆ ಕತ್ತರಿಸಿ ತೆಗೀತೀನಿ ದಿದಿ."

"ತೆಗೆದದ್ದು ಅವಳಿಗೆ ಕಾಣಲ್ವಾ? ನನ್ನ ಹಲ್ಲು ಕಟ್ಟಿಸಿದ್ದು ಅಂತ ಮೊದಲು ಕಂಡುಹಿಡಿದೋಳೇ ಅವಳು."

ಕೇತಕಿ ಬ್ಲೇಡು ತಂದಳು. ಒಂದು ಹಾಳೆ ಸದ್ದಿಲ್ಲದೆ ಕಳಚಿ ಬಂತು. ಆದರೆ ಒಳಗೆಲ್ಲ ಪಿಕ್ಲುವಿನ ಪೆನ್ಸಿಲ್ ಆಡಿತ್ತು. ರಾಜನಿಗೆ ಮೀಸೆ, ಕುದುರೆಗೆ ಮೀಸೆ, ರಾಣಿಗೂ ಮೀಸೆ.

"ಆ ರಾಣಿ ನಾನೇ!" ಮಿನತಿ ನಕ್ಕಳು. "ಪಿಶಿಗೂ ಮೀಸೆ ಇದೆ ಅಂತಿದ್ದ, ಕತ್ತೆ." ಆಮೇಲೆ ನಗು ನಿಲ್ಲಿಸಿ ಬಟ್ಟಲು ನೋಡುತ್ತ ನಿಂತಳು.

ಬೀರುವಿನ ಕೆಳಗಿನ ಖಾನೆಯಲ್ಲಿ ಪರಿತೋಷ್‌ನ ಕೈಗೆ ಅಂಗಡಿಯ ಕಂದು ಕಾಗದ ಸುತ್ತಿದ್ದ ಒಂದು ಪುಸ್ತಕ ಸಿಕ್ಕಿತು. ಸಮುದ್ರದ ಪ್ರಾಣಿಗಳ ದೊಡ್ಡ ಚಿತ್ರಪುಸ್ತಕ. ಪಿಕ್ಲುವಿನ ಹತ್ತನೇ ಹುಟ್ಟುಹಬ್ಬಕ್ಕೆಂದು ಮುಂಚೆಯೇ ತಂದು ಬಚ್ಚಿಟ್ಟದ್ದು. ಆ ದಿನದವರೆಗೆ ಅವನು ಉಳಿಯಲಿಲ್ಲ. ಪರಿತೋಷ್ ಮೊದಲ ಹಾಳೆ ತೆರೆದ. ಖಾಲಿ.

"ಇದರಲ್ಲಿ ಏನೂ ಬರೆದಿಲ್ಲ," ಎಂದ.

"ಮತ್ತಿನ್ನೇನು! ಹೊಸಾದು. ಯಾರೂ ಬಾಯಿ ಬಿಡೋ ಹಾಗಿಲ್ಲ," ಎಂದಳು ಮಿನತಿ. "ಬರಿ ಕೇತಕಿ, ಬೇಗ ಬರೆದುಬಿಡು."

ಕೇತಕಿ ಪುಟ ತಿರುವಿದಳು. ತಿಮಿಂಗಿಲ, ಎಂಟು ಕಾಲಿನ ಆಕ್ಟೋಪಸ್.

"ತಾತಾನ್‌ಗೆ ಸಮುದ್ರ ಅಂದ್ರೆ ಇಷ್ಟಾನಾ?"

"ಯಾವ ಹುಡುಗನಿಗೆ ಇಷ್ಟ ಇಲ್ಲ ಹೇಳು," ಎಂದಳು ಮಿನತಿ.

"ಪುರಿಯಲ್ಲಿ ನೀರಿಂದ ಎಳ್ಕೊಂಡೇ ಬರಬೇಕಾಗಿತ್ತು," ಎಂದಳು ಕೇತಕಿ. ಯಾರನ್ನು ಎಂದು ಯಾರೂ ಕೇಳಲಿಲ್ಲ.

ಪರಿತೋಷ್ ತನ್ನ ಶಾಯಿ ಪೆನ್ನು ಕೊಟ್ಟ. ಅವಳು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಬಾಗಿದಳು. 'ನಮ್ಮ' ಎಂದು ಬರೆದದ್ದನ್ನು ಅವನು ಕಂಡ. ಪೆನ್ನು ಎಲ್ಲೂ ತಡೆಯದೆ ಓಡಿತು. ನಾಳೆ ಯಾವ ರೈಲಿಗೆ ಹೋಗುವುದು, ಅವಳಿಗೆ ಕಿಟಕಿಯ ಪಕ್ಕ ಸೀಟು ಸಿಗುತ್ತದೋ ಇಲ್ಲವೋ ಎಂದು ಅವನು ಆಗಲೇ ಲೆಕ್ಕ ಹಾಕುತ್ತಿದ್ದ. ಅವಳು ತಲೆಯೆತ್ತಿದ ಮೇಲೆ ಓದಿದ.

'ನಮ್ಮ ಪಿಕ್ಲುಗೆ, ಹತ್ತನೇ ಹುಟ್ಟುಹಬ್ಬಕ್ಕೆ. ಮಾ, ಬಾಬಾ.'

ಕೇತಕಿಯೂ ಅದನ್ನು ಆಗಲೇ ಓದಿದವಳಂತೆ ನೋಡುತ್ತಿದ್ದಳು. "ಕೈ ತಪ್ತು," ಎಂದಳು.

ಮಿನತಿ ಬಟ್ಟಲು ಹಿಡಿದು ಅಡುಗೆಮನೆಗೆ ಹೋದಳು. ಬ್ಲೇಡು ಮಂಚದ ಮೇಲೇ ಇತ್ತು. ಪರಿತೋಷ್ ಅದನ್ನು ನೋಡಿದ. ಕೈ ಚಾಚಲಿಲ್ಲ.

"ಮೂಲೆ ಅಂಗಡಿ ತೆಗೆದಿರತ್ತೆ. ಬೇರೆ ಒಂದು ತಂದುಬಿಡ್ತೀನಿ."

"ಹೂಂ."

"ನಾಳೆ ಬರ್ತೀಯಲ್ಲ?"

ಅವನು ಪುಸ್ತಕ ಎತ್ತಿಡಲು ಕೈ ನೀಡಿದ. "ಮುಟ್ಟಬೇಡ," ಎಂದಳು, "ಶಾಯಿ ಹಸಿ ಇದೆ."

ಅಂಗಡಿಯವನು ಹುಡುಗನ ವಯಸ್ಸು ಕೇಳಿದಾಗ ಪರಿತೋಷ್ ಹನ್ನೊಂದು ಎಂದ. ಅಂಗಡಿಯವನು ತೆಗೆದುಕೊಟ್ಟ ಪುಸ್ತಕವನ್ನು ಬಿಡಿಸಿಯೂ ನೋಡದೆ ಕೊಂಡ. ಓಣಿಗೆ ತಿರುಗಿದಾಗ ಮನೆಯ ಕಿಟಕಿಯಲ್ಲಿ ದೀಪ ಹತ್ತಿತ್ತು. ಕೇತಕಿ ಕೂತಲ್ಲಿಂದ ಎದ್ದಿರಲಿಲ್ಲ. ತೆರೆದ ಪುಸ್ತಕವನ್ನು ಎರಡೂ ಕೈಯಲ್ಲಿ ಮುಖದ ಹತ್ತಿರ ಹಿಡಿದು, ಯಾವಾಗಲೋ ಒಣಗಿದ್ದ ಹಾಳೆಯ ಮೇಲೆ ಮೆಲ್ಲಗೆ ಉಸಿರೂದುತ್ತಿದ್ದಳು.