ಹೊಗೆಗೆ ಬೆಲೆ ಕಟ್ಟಿದವರು

ದಾವಣಗೆರೆ ಜಿಲ್ಲೆಯಾದ ದಿನ ಹರಿಹರದ ಬಸವಣ್ಣೆಮ್ಮ ಓಣಿಗೆಲ್ಲ ಸಕ್ಕರೆ ಹಂಚಿದರು. ನಿವೃತ್ತ ಶಿಕ್ಷಕಿ ಅವರು. ಅಲ್ಲಿಯವರೆಗೆ ಯಾವ ಅರ್ಜಿ ಹಿಡಿದರೂ ಚಿತ್ರದುರ್ಗಕ್ಕೆ ಹೋಗಬೇಕಿತ್ತು. ಇನ್ನು ಸರ್ಕಾರ ಪಕ್ಕದೂರಿಗೇ ಬಂತು ಎಂಬ ಸಂಭ್ರಮ.

ಅವರಿಗೆ ಸರ್ಕಾರದಿಂದ ಆಗಬೇಕಾದ ಕೆಲಸ ಒಂದೇ ಇತ್ತು. ಓಣಿಯ ಹಿಂದೆ, ಮಲೆಬೆನ್ನೂರು ರಸ್ತೆಗುಂಟ ಅಕ್ಕಿ ಗಿರಣಿಗಳಿದ್ದವು. ಬಾಯ್ಲರಿಗೆ ಹೊಟ್ಟಿನ ಜೊತೆ ಕಲ್ಲಿದ್ದಲನ್ನೂ ಸುರಿಯತೊಡಗಿದ ಮೇಲೆ ಮನೆಗಳ ಮೇಲೆಲ್ಲ ಕರಿಬೂದಿ. ಪಕ್ಕದ ಮನೆಯ ಹಜೀರಾಬೀ ಹಪ್ಪಳ ಮಾರಿ ಬದುಕುವವಳು. ಮಾಳಿಗೆಯ ಮೇಲೆ ಒಣಹಾಕಿದ ಹಪ್ಪಳಕ್ಕೆ ಬೂದಿ ಮೆತ್ತಿ, ಅಂಗಡಿಯವರು ಬೇಡವೆಂದು ವಾಪಸ್ ಕಳಿಸುತ್ತಿದ್ದರು.

ಗಿರಣಿಯೊಂದು ಇನ್ನೂ ದೊಡ್ಡ ಬಾಯ್ಲರಿಗೆ ಅನುಮತಿ ಕೇಳಿದಾಗ ಅಧಿಕಾರಿಗಳು ಅಹವಾಲು ಸಭೆ ಕರೆದರು. ಬಸವಣ್ಣೆಮ್ಮನ ತಮ್ಮ ಕೊಟ್ಟೂರೇಶ್ ದಾವಣಗೆರೆಯಲ್ಲಿ ವಾಣಿಜ್ಯಶಾಸ್ತ್ರದ ಮೇಷ್ಟ್ರು, ದೇವರಾಜ ಅರಸು ಬಡಾವಣೆಯಲ್ಲಿ ಮನೆ. ಸಭೆಯಲ್ಲಿ ಏನು ಕೇಳಬೇಕೆಂದು ಮಾತಾಡಲು ಬಂದ. ಆಗ ಜಪಾನಿನಲ್ಲಿ ದೇಶದೇಶಗಳು ಸೇರಿ ಹೊಗೆಯ ಬಗ್ಗೆ ಒಪ್ಪಂದ ಮಾಡಿಕೊಂಡ ಸುದ್ದಿ ಪತ್ರಿಕೆಯಲ್ಲಿತ್ತು.

"ಅಕ್ಕ, ಎಲ್ಲಾ ಗಿರಣಿ ಸೇರಿ ಇಷ್ಟೇ ಹೊಗೆ ಅಂತ ಮಿತಿ ಹಾಕ್ಬೇಕು. ಅದರಾಗೆ ಒಬ್ಬೊಬ್ಬರಿಗೆ ಒಂದು ಪಾಲು. ಕಡಿಮೆ ಬಿಟ್ಟೋನು ಉಳಿದ ಪಾಲು ಇನ್ನೊಬ್ಬರಿಗೆ ಮಾರ್ಕೋಬಹುದು."

"ಹೊಗೆ ಏನು ಜೋಳದ ಚೀಲ ಏನೋ, ಮಾರಾಕೆ? ಸುಟ್ಟಷ್ಟಕ್ಕೂ ತೆರಿಗೆ ಹಾಕ್ಲಿ. ತಾನೇ ಕಡಿಮೆ ಮಾಡ್ತಾನೆ."

"ದುಡ್ಡಿದ್ದೋನು ತೆರಿಗೆ ಕಟ್ಟಿ ಹೊಗೆ ಬಿಟ್ಟೇ ಬಿಡ್ತಾನೆ. ತಡೆ ಎಲ್ಲೈತೆ?"

"ಮತ್ತೆ ನಮ್ಮ ಓಣಿ ಹಿಂದಿನೋನೇ ಎಲ್ಲರ ಪಾಲೂ ಕೊಂಡ್ರೆ? ಊರಿಗೆಲ್ಲ ಕಡಿಮೆ, ಹಜೀರಾಬೀ ಹಪ್ಪಳಕ್ಕೆ ಜಾಸ್ತಿ. ಅದಕ್ಕೇನಂತೀಯ?"

ಇಬ್ಬರೂ ಸೋಲಲಿಲ್ಲ. ಸಭೆಯಲ್ಲಿ ಅಕ್ಕ ತೆರಿಗೆ ಬೇಕೆಂದರು. ತಮ್ಮ ಎದ್ದು ಅದು ಸರಿಯಲ್ಲವೆಂದ. ಓಣಿಯವರು ಎರಡು ಪಾಲಾದರು. ಅಧಿಕಾರಿ ನಗುತ್ತಲೇ ಹೇಳಿದರು: "ಮೊದಲು ನೀವು ನೀವೇ ಒಂದು ತೀರ್ಮಾನಕ್ಕೆ ಬನ್ನಿ. ಸಾರ್ವಜನಿಕರಲ್ಲಿ ಒಮ್ಮತವಿಲ್ಲ ಅಂತ ಬರೆದುಕೊಳ್ಳುತ್ತೇನೆ." ಬಾಯ್ಲರಿಗೆ ಅನುಮತಿ ಸಿಕ್ಕಿತು.

ಅಕ್ಕ-ತಮ್ಮ ಒಬ್ಬರೊಡನೊಬ್ಬರು ಮಾತು ಬಿಟ್ಟರು. ಯುಗಾದಿಗೂ ಅವನು ಬರಲಿಲ್ಲ. ಕಡೆಗೆ ಹಜೀರಾಬೀಯೇ ದಾವಣಗೆರೆ ಬಸ್ ಹತ್ತಿ ಹೋಗಿ ಅವನನ್ನು ಕರೆತಂದಳು.

"ಯಾವುದು ಸರಿ ಅಂತ ನಂಗೆ ತಿಳಿಯಂಗಿಲ್ರಿ. ಎರಡರಾಗೆ ಒಂದಾದ್ರೂ ಕೇಳ್ರಿ, ಇಬ್ಬರೂ ಕೂಡಿ ಕೇಳ್ರಿ," ಎಂದಳು.

ಕೊಟ್ಟೂರೇಶ್ ತಲೆ ತಗ್ಗಿಸಿ ಕೂತ. "ತೆರಿಗೆನೇ ಆಗ್ಲಿ ಅಕ್ಕ," ಎಂದ. "ಬ್ಯಾಡ, ನೀನು ಹೇಳಿದ್ದೇ ಆಗ್ಲಿ," ಎಂದರು ಬಸವಣ್ಣೆಮ್ಮ. ಇಬ್ಬರಿಗೂ ಕಣ್ಣು ತುಂಬಿತು.

ಮೂವರೂ ಜಿಲ್ಲಾ ಕಚೇರಿಗೆ ಹೋದರು. ತೆರಿಗೆ ಹಾಕಿರಿ, ಇಲ್ಲ ಮಿತಿ ಹಾಕಿರಿ, ಯಾವುದಾದರೂ ನಮಗೆ ಒಪ್ಪಿಗೆ ಎಂದರು. ಸಾಹೇಬರು ಕುರ್ಚಿ ಹಾಕಿಸಿ, ಕೂಡ್ರಿಸಿ, ಪೂರ್ತಿ ಕೇಳಿದರು. "ಒಳ್ಳೆಯ ವಿಚಾರ. ಆದರೆ ಇದು ನೀತಿಯ ಪ್ರಶ್ನೆ, ನಮ್ಮ ಕೈಯಲ್ಲಿಲ್ಲ. ಬೆಂಗಳೂರಿಗೆ ಹೋಗಿ." ಬೆಂಗಳೂರಿನಲ್ಲಿ, ಇದು ದೆಹಲಿಯ ವಿಷಯ ಎಂದರು. ಚುನಾವಣೆಗೆ ಕೈಮುಗಿದು ಬಂದ ಅಭ್ಯರ್ಥಿ "ದೆಹಲಿಗೆ ಹೋದ ಮೊದಲ ದಿನವೇ ಮಾತಾಡ್ತೀನಿ ಟೀಚರಮ್ಮ" ಎಂದ. ಗೆದ್ದ ಮೇಲೆ ಅವನ ಮನೆಯ ಮುಂದೆ ಕಾದು ಕಾದು ಮೂವರೂ ಹಿಂದಿರುಗಿದರು. ಯಾರೂ ಬೈಯಲಿಲ್ಲ, ಯಾರೂ ಆಗುವುದಿಲ್ಲ ಎನ್ನಲೂ ಇಲ್ಲ. ಜಗಳವಾಡಲು ಒಬ್ಬ ಎದುರಾಳಿಯೂ ಸಿಗಲಿಲ್ಲವಲ್ಲ ಎಂದು ಬಸವಣ್ಣೆಮ್ಮನಿಗೆ ಅನಿಸಿತು.

ಹೊಸ ಬಾಯ್ಲರು ಉರಿಯತೊಡಗಿದ ಮೇಲೆ ಹಜೀರಾಬೀ ಹಪ್ಪಳ ಮಾಡುವುದನ್ನೇ ಬಿಟ್ಟಳು. ಹದಡಿಯಲ್ಲಿದ್ದ ಮಗಳು ನೂರ್ಜಹಾನಳ ಮನೆಗೆ ಹೊರಟಳು. ಸಾಮಾನು ಹೇರಿಸಲು ಕೊಟ್ಟೂರೇಶನೂ ಬಂದಿದ್ದ.

"ಬರ್ರಿ ಟೀಚರಮ್ಮ ಒಂದ್ಸಲ, ಅಲ್ಲಿ ಗಾಳಿ ಚಲೋ ಐತೆ," ಎಂದಳು ಹಜೀರಾಬೀ, ಟೆಂಪೋ ಹತ್ತುತ್ತ.

"ಬರ್ತೀನಿ," ಎಂದರು ಬಸವಣ್ಣೆಮ್ಮ.

ಟೆಂಪೋ ತಿರುವಿನಲ್ಲಿ ಮರೆಯಾಯಿತು. ಕೊಟ್ಟೂರೇಶ್, "ಅಕ್ಕ, ಮೊದಲನೇ ಸಭೆಯಾಗೇ ನಾವಿಬ್ರೂ..." ಎಂದ. ಆ ದಿನ ಒಂದಾಗಿದ್ದರೂ ಏನಾಗುತ್ತಿತ್ತು ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಬಸವಣ್ಣೆಮ್ಮ ಅವನ ಅಂಗಿಯ ಭುಜದ ಬೂದಿ ಕೊಡವಿ, "ನಡಿ, ಉಣ್ಣಾಕೆ ಹೊತ್ತಾತು," ಎಂದರು.