ಗುಂಡನ ತಟ್ಟೆ

ಅಡುಗೆಮನೆಗೂ ನಡುಮನೆಗೂ ನಡುವಿನ ಹೊಸ್ತಿಲಲ್ಲಿ ನಾಯಿ ಗುಂಡನ ತಟ್ಟೆ ಇರುತ್ತಿತ್ತು. ಅದರ ಆಚೆ ಪದ್ದಕ್ಕ, ಈಚೆ ಅವರ ತಮ್ಮ ನೇಮಣ್ಣ. ಒಂದೇ ಮನೆಯಲ್ಲಿದ್ದೂ ಅವರಿಬ್ಬರ ಮಾತು ನಿಂತು ವರ್ಷಗಳಾಗಿದ್ದವು. ಮಹಡಿಯಲ್ಲಿ ಬಾಡಿಗೆಗಿದ್ದ ನಾನು ಕಾರಣ ಕೇಳಲಿಲ್ಲ. ಆ ಊರಿನಲ್ಲಿ ನನ್ನೊಡನೆ ಮಾತಾಡುವವರೂ ಇರಲಿಲ್ಲ; ಕೆಳಗಿನ ದನಿಗಳಿಗೆ ಕಿವಿಗೊಡುವುದು ಅಭ್ಯಾಸವಾಗಿತ್ತು.

ಹೇಳಬೇಕಾದ್ದನ್ನೆಲ್ಲ ಅವರು ನಾಯಿಗೆ ಹೇಳುತ್ತಿದ್ದರು. "ಗುಂಡಾ, ಸಾರು ಆರ್ತಾ ಇದೆ ಅಂತ ಹೇಳು." "ಗುಂಡಾ, ಉಪ್ಪು ಸಾಲದು ಅಂತ ಹೇಳು." ಸಕ್ಕರೆ ಕಾಯಿಲೆಯಿಂದ ಕಣ್ಣಿಗೆ ಪೊರೆ ಕವಿದಿದ್ದ ಗುಂಡ, ದನಿ ಬಂದತ್ತ ಮುಖ ತಿರುಗಿಸುತ್ತಿದ್ದ. ಊಟವಾದ ಮೇಲೆ ಅವನಿಗೆ ಇನ್ಸುಲಿನ್. ಯಾರು ಚುಚ್ಚಿದರೂ "ಗುಂಡಾ, ನಿನ್ನ ಸೂಜಿ ಆಯ್ತು" ಎಂದು ಇನ್ನೊಬ್ಬರಿಗೆ ಕೇಳುವಂತೆ ಗಟ್ಟಿಯಾಗಿ ಹೇಳುವುದು ರೂಢಿ.

ಒಂದು ಸಂಜೆ ನೇಮಣ್ಣ ಪಲ್ಯದ ಬಗ್ಗೆ ಊಟದ ಉದ್ದಕ್ಕೂ ನಾಯಿಯೊಡನೆ ದೂರಿದರು. ಪದ್ದಕ್ಕ ಒಳಗಿಂದಲೇ, "ಗುಂಡಾ, ನೀನೇ ವಾಸಿ ಕಣೋ. ನಿನಗಾದ್ರೂ ಬೊಗಳೋದಕ್ಕೆ ಹೊತ್ತುಗೊತ್ತು ಇದೆ" ಎಂದರು. ನೇಮಣ್ಣ ಊಟ ಬಿಟ್ಟು ಎದ್ದರು. ಆಮೇಲೆ ನಾಯಿಯೊಡನೆಯೂ ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ, ಸೂಜಿ ಆಯಿತೆಂದು ಪದ್ದಕ್ಕ ಹೇಳಿದ್ದು ನನಗೆ ಕೇಳಿಸಿತ್ತು. ನೇಮಣ್ಣ ಆಗ ಮನೆಯಲ್ಲಿರಲಿಲ್ಲ. ಮಧ್ಯಾಹ್ನ ತಟ್ಟೆ ಉರುಳಿದ ಸದ್ದಾಗಿ ನಾನು ಕೆಳಗೆ ಓಡಿದೆ. ಗುಂಡ ಕಾಲು ಸೆಟೆದು ಒದ್ದಾಡುತ್ತಿದ್ದ, ಬಾಯಲ್ಲಿ ನೊರೆ. ನೇಮಣ್ಣ ಗೋಡೆಗೆ ಅಂಟಿ ನಿಂತಿದ್ದರು.

ಪದ್ದಕ್ಕ ನಾಯಿಯತ್ತ ಬಗ್ಗಿ, "ಗುಂಡಾ, ಕೇಳೋ ಅವನನ್ನ, ಬೆಳಿಗ್ಗೆ ಏನಾದ್ರೂ..." ಎಂದವರು ಅರ್ಧಕ್ಕೇ ನಿಲ್ಲಿಸಿದರು. ಮಾತು ದಾಟಿಸುವ ಸ್ಥಿತಿಯಲ್ಲಿ ಗುಂಡ ಇರಲಿಲ್ಲ. ಅವರು ತಲೆಯೆತ್ತಿದರು.

"ನೇಮಾ, ಸೂಜಿ ಹಾಕಿದ್ಯಾ?"

"ನೀನು ಬಸದಿಗೆ ಹೋದಾಗ ಹಾಕಿದ್ದೆ ಅಕ್ಕಾ. ಹೇಳ್ಲಿಲ್ಲ."

"ಅಯ್ಯೋ, ಬಂದು ನಾನೂ ಹಾಕಿದ್ನಲ್ಲೋ! ಮೈಯಲ್ಲಿ ಸಕ್ಕರೆ ಇಳಿದುಹೋಗಿದೆ, ನೀರಿಗೆ ಸಕ್ಕರೆ ಕಲಸಿ ತಾ, ಓಡು!"

ಒದ್ದಾಟ ತಗ್ಗುತ್ತಲೇ ಇಬ್ಬರೂ ಒಂದೇ ಬಟ್ಟಲಿಗೆ ಬೆರಳದ್ದಿ ಅವನ ಒಸಡಿಗೆ ಸವರಿದರು. ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಗುಂಡ ಉಳಿದ.

ಸಾರು, ಉಪ್ಪು ಎಲ್ಲ ಮತ್ತೆ ಅವನ ಮೂಲಕವೇ ಸಾಗಿದವು. ಒಂದು ಪ್ರಶ್ನೆ ಮಾತ್ರ ನೇರವಾಗಿ ಹೊಸ್ತಿಲು ದಾಟುತ್ತಿತ್ತು. "ನೇಮಾ, ಹಾಕಿದ್ಯಾ?" "ಹಾಕಿದೆ ಅಕ್ಕಾ."

ಮುಂದಿನ ಚಳಿಗಾಲದಲ್ಲಿ ಗುಂಡ ನಿದ್ದೆಯಲ್ಲೇ ಹೋದ. ಹಿತ್ತಲಲ್ಲಿ ಮಣ್ಣು ಮಾಡಿದೆವು. ಮರುದಿನ ಬೆಳಿಗ್ಗೆ ಕೆಳಗೆ ಪಾತ್ರೆಯ ಸದ್ದೂ ಇರಲಿಲ್ಲ. ನಡುಮನೆಗೆ ಇಳಿಯುವ ಮೆಟ್ಟಿಲ ಮೇಲೆ ನಾನು ಕೂತೆ. ಬಹಳ ಹೊತ್ತಿನ ಮೇಲೆ ಅಡುಗೆಮನೆಯಿಂದ ದನಿ ಬಂತು.

"ನೇಮಾ, ಹಾಕಿದ್ಯಾ?"

ನೇಮಣ್ಣ ಪೇಪರು ಕೆಳಗಿಟ್ಟರು.

"ಹಾಕಿದೆ ಅಕ್ಕಾ."

ಹೊಸ್ತಿಲಲ್ಲಿ ತಟ್ಟೆ, ತೊಳೆದು ಬೋರಲು ಹಾಕಿದ್ದು, ಹಾಗೆಯೇ ಇತ್ತು.