ಮಡಿಲಕ್ಕಿಗೆ ತಾಕಿದ ಕೈ

ನನ್ನ ತಮ್ಮ ಲಕ್ಷ್ಮೀನರಸಿಂಹಯ್ಯನಿಗೆ ದೇವರು ತೆಂಗಿನ ತೋಟ ಕೊಟ್ಟ, ಬೆನ್ನುಮೂಳೆ ಕೊಡುವುದನ್ನು ಮರೆತ. ಇಲ್ಲದಿದ್ದರೆ ದವಡೆ ಮುರಿಸಿಕೊಂಡು ಬಂದ ಮಗಳನ್ನು ಮತ್ತೆ ಅದೇ ಗಂಡನ ಜೊತೆ ಕಳಿಸಲು ಒಪ್ಪುತ್ತಿದ್ದನೇ?

ತಾಯಿಯಿಲ್ಲದ ಹೇಮಶ್ರೀಯನ್ನು ಸಾಕಿದವಳು ನಾನು, ಅವಳ ಸೋದರತ್ತೆ ಸಿದ್ದಲಕ್ಷ್ಮಮ್ಮ. ಕುಣಿಗಲ್ಲಿನ ಲಕ್ಷ್ಮೀಕಾಂತನಿಗೆ ಕೊಟ್ಟಿದ್ದೆವು. ಸಂಬಳದ ಕೆಲಸ, ನಯವಾದ ಮಾತು. ಆ ನಯವಾದ ಮನುಷ್ಯ ಅವಳ ಮುಖವನ್ನು ಗೋಡೆಗೆ ಅಪ್ಪಳಿಸಿದ. ತುಮಕೂರಿನ ಆಸ್ಪತ್ರೆಯಲ್ಲಿ ಹಲ್ಲಿಗೆ ತಂತಿ ಬಿಗಿಸಿಕೊಂಡು ಚೇಳೂರಿಗೆ ಬಂದ ಹುಡುಗಿ, ತಂತಿ ಬಿಚ್ಚಿದ ಮೇಲೂ ಮಾತಾಡಲಿಲ್ಲ.

ನಮ್ಮ ಬೀದಿಯ ಹೆಂಗಸರು ಅವಳಿಗೆ ಬಾಣಂತನ ಶುರುಮಾಡಿದರು. ಮಗುವಿಲ್ಲದ ಬಾಣಂತನ. ಎದುರುಮನೆಯ ಕೊಲ್ಲಾಪುರಮ್ಮ ಹರಳೆಣ್ಣೆ ಕಾಯಿಸಿ ಬೆನ್ನಿಗೆ ತಿಕ್ಕುತ್ತಿದ್ದಳು, ಪಕ್ಕದವಳು ಹಂಡೆಗೆ ಉರಿ ಹಾಕುತ್ತಿದ್ದಳು, ಸಾಂಬ್ರಾಣಿ ಹೊಗೆ ಹಿಡಿಯುವುದು ನನ್ನ ಕೆಲಸ. ಮೊದಮೊದಲು ನೀರು ಹೊಯ್ಯಲು ಚೊಂಬು ಎತ್ತಿದರೂ ಹುಡುಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಳ್ಳುತ್ತಿತ್ತು. “ಹೊಡಿಯಾಕಲ್ಲ ಕಣವ್ವ, ನೀರು ಹುಯ್ಯಾಕೆ,” ಎಂದು ಕೊಲ್ಲಾಪುರಮ್ಮ ಪ್ರತಿ ಚೊಂಬಿಗೂ ಹೇಳುತ್ತಿದ್ದಳು. ಈಚೆಗೆ ಮುಖ ಮುಚ್ಚಿಕೊಳ್ಳುವುದು ನಿಂತಿತ್ತು. ಅಷ್ಟರಲ್ಲಿ ಕಾರು ಬಂತು.

ಕಾರಿನಿಂದ ಲಕ್ಷ್ಮೀಕಾಂತ ಇಳಿದ, ಹಿಂದೆಯೇ ಅವನ ತಾಯಿ. ಕುಣಿಗಲ್ಲಿನಲ್ಲಿ ಹಿರಿಯರೆಲ್ಲ ಕೂತು ರಾಜಿ ಮಾಡಿದ್ದರಂತೆ. ಹೇಮಶ್ರೀಯನ್ನು ಯಾರೂ ಕೇಳಿರಲಿಲ್ಲ. ಗಂಡನ ದನಿ ಕಿವಿಗೆ ಬಿದ್ದ ಕೂಡಲೇ ಅವಳ ಕೈ ಮತ್ತೆ ಮುಖಕ್ಕೆ ಹೋಯಿತು.

“ಈ ಸಲ ಕಳಿಸಿದ್ರೆ ಹೆಣ ಬತ್ತದೆ ಕಣೋ,” ಎಂದೆ ತಮ್ಮನಿಗೆ.

“ನೀನ್ ಸುಮ್ಕಿರಕ್ಕ. ಊರೋರು ಆಡ್ಕೊತಾವ್ರೆ. ಮಡ್ಲಕ್ಕಿ ಹಾಕ್ಸಿ ಕಳ್ಸಾದೇ.”

ಮಡಿಲಕ್ಕಿ ತುಂಬದೆ ತವರಿನ ಮಗಳು ಹೊಸಿಲು ದಾಟುವಂತಿಲ್ಲ. ಅದನ್ನು ತುಂಬುವವರು ಮುತ್ತೈದೆಯರು. ನನ್ನಂಥ ವಿಧವೆ ಆ ಅಕ್ಕಿಯ ಹತ್ತಿರ ಸುಳಿಯಬಾರದು. ತಾಕಿದರೆ ಮಡಿಲು ತುಂಬಿಸಿಕೊಂಡವಳ ಗಂಡನ ಆಯಸ್ಸಿಗೆ ಕೇಡಂತೆ. ನಾನೇ ಸಾಕಿದ ಹುಡುಗಿಯ ಮದುವೆಯಲ್ಲೂ ನಾನು ಒಲೆ ಮುಂದೆಯೇ ಇದ್ದೆ. ನನ್ನ ಗಂಡನೆಂಬ ಮಹಾರಾಯ ಬದುಕಿದ್ದಾಗ ನನ್ನ ಬೆನ್ನು ಮುರಿದ, ಸತ್ತು ನನ್ನ ಕೈ ಕೆಡಿಸಿದ.

ನಡುಮನೆಯಲ್ಲಿ ಮೊರದ ತುಂಬ ಅಕ್ಕಿ, ಕೊಬ್ಬರಿ, ಬೆಲ್ಲದಚ್ಚು, ರವಿಕೆ ಕಣ. ಹೇಮಶ್ರೀ ಮಣೆಯ ಮೇಲೆ. ಕರೆಸಿಕೊಂಡ ಮುತ್ತೈದೆಯರು ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಕೊಲ್ಲಾಪುರಮ್ಮ ಕಣ್ಣೊರೆಸಿಕೊಂಡು ಅಕ್ಕಿಗೆ ಬಗ್ಗಿದಳು. ನನಗೆ ಬೇರೆ ದಾರಿ ಕಾಣಲಿಲ್ಲ. ಅಡುಗೆಮನೆಯಿಂದ ನುಗ್ಗಿ ಬಂದವಳೇ ಮೊರಕ್ಕೆ ಎರಡೂ ಕೈ ಹಾಕಿ ಅಕ್ಕಿಯನ್ನು ಕಲಸಿಬಿಟ್ಟೆ.

“ಅಯ್ಯಯ್ಯೋ! ಮುಂಡೆ ಕೈ!” ಬೀಗಿತ್ತಿ ಚೀರಿದಳು.

ತಮ್ಮ ಕೈ ಎತ್ತಿದ. “ಹೊಡಿ ಬಾರೋ, ನಿನ್ನೊಬ್ಬಂದು ಬಾಕಿ ಇತ್ತು,” ಎಂದೆ. ಎತ್ತಿದ ಕೈ ಇಳಿಯಿತು.

“ಬೇರೆ ಅಕ್ಕಿ ತನ್ರಿ,” ಎಂದಳು ಬೀಗಿತ್ತಿ.

“ಒಳಗಿನ ಡಬ್ಬಕ್ಕೂ ಕೈ ಹಾಕೇ ಬಂದಿದೀನಿ,” ಎಂದೆ.

ಎಲ್ಲರೂ ಕೊಲ್ಲಾಪುರಮ್ಮನ ಕಡೆ ನೋಡಿದರು. “ನಮ್ಮನೇಲಿ ಅಕ್ಕಿ ಇಲ್ಲ,” ಎಂದಳು. ನಿನ್ನೆ ತಾನೆ ಮೂಟೆ ಇಳಿಸಿಕೊಂಡವಳು! “ನಮ್ಮನೇಲೂ ಇಲ್ಲ,” ಎಂದಳು ಪಕ್ಕದವಳು. “ನಮ್ದು ಬರೀ ರಾಗಿ ಕಣಮ್ಮ,” ಎಂದಳು ಇನ್ನೊಬ್ಬಳು.

ಗೆದ್ದೆವು ಅಂದುಕೊಂಡೆ. ಲಕ್ಷ್ಮೀಕಾಂತ ನಯವಾಗಿಯೇ ಹೇಳಿದ: “ಈ ಶಾಸ್ತ್ರಗೀಸ್ತ್ರ ಬಿಡಿ ಮಾವ. ಹೇಮಾ, ಕಾರು ಹತ್ತು.”

“ಹೂಂ, ಏಳವ್ವ,” ಎಂದ ನನ್ನ ತಮ್ಮ.

ಗಂಡಸರಿಗೆ ಬೇಡವಾದರೆ ಶಾಸ್ತ್ರ ಎಷ್ಟು ಸಲೀಸಾಗಿ ಬಿದ್ದುಹೋಗುತ್ತದೆ! ನನ್ನ ಹತ್ತಿರ ಇದ್ದುದು ಆ ಕೆಟ್ಟ ಕೈ ಒಂದೇ. ಅದೂ ಮುಗಿದಿತ್ತು.

ಹೇಮಶ್ರೀ ಎದ್ದಳು. ಹೋಗಿಯೇಬಿಟ್ಟಳು ಅಂದುಕೊಂಡೆ. ಅವಳು ಬಾಗಿಲ ಕಡೆ ಹೋಗಲಿಲ್ಲ. ಮೊರದ ಮುಂದೆ ಕೂತು, ಸೆರಗು ಹಾಸಿ, ನಾನು ಕಲಸಿದ ಅಕ್ಕಿಯನ್ನು ಬೊಗಸೆ ಬೊಗಸೆಯಾಗಿ ತಾನೇ ತುಂಬಿಕೊಂಡಳು. ಆಮೇಲೆ ಗಂಡನ ತಾಯಿಯ ಮುಂದೆ ನಿಂತಳು. ಸೊಟ್ಟಗೆ ಕೂಡಿದ ದವಡೆಯಿಂದ ಮಾತು ಒಂದೊಂದಾಗಿ ಹೊರಬಿತ್ತು.

“ನಮ್ಮ ಸೋದರತ್ತೆ ಕೈಯ ಮಡ್ಲಕ್ಕಿ ಇದು. ತಗೊಂಡ್ ಬರ್ತೀನಿ. ನಿಮ್ಮನೆ ದೇವ್ರ ಮುಂದೆ ಸುರೀತೀನಿ. ನಿಮ್ ಮಗನಿಗೆ ಇದ್ರಲ್ಲೇ ಅನ್ನ ಮಾಡಿಕ್ತೀನಿ. ನಡೀರಿ.”

ಬೀಗಿತ್ತಿಯ ಮುಖ ಬಿಳಿಚಿತು. “ಬ್ಯಾಡ ಕಣಪ್ಪ, ಇವ್ಳು ಬ್ಯಾಡ. ನಡಿ,” ಎಂದು ಮಗನ ತೋಳು ಹಿಡಿದು ಎಳೆದಳು. ಅವನು ಏನೋ ಬೈಯುತ್ತಿದ್ದ, ಅವಳು ಬಿಡಲಿಲ್ಲ. ಸೊಸೆಯ ದವಡೆ ಮುರಿದಾಗ ಹೆದರದವಳು ಅಕ್ಕಿಗೆ ಹೆದರಿ ಓಡಿದಳು.

“ನಾಳೆನೇ ನೀನೂ ಹೊರಡು, ಅವ್ಳೂ ಹೊರಡ್ಲಿ,” ಎಂದು ತಮ್ಮ ತೋಟಕ್ಕೆ ಹೋದ. ಎಲ್ಲಿಗೆ ಹೋಗುವುದು? ಅವರು ಮತ್ತೆ ಬರುತ್ತಾರೆ, ಹಿರಿಯರನ್ನೂ ಕರೆತರುತ್ತಾರೆ. ನಾನು ಕೂತು ಅತ್ತೆ. ಇಷ್ಟು ದಿನ ನನ್ನ ಕೈ ಕೆಟ್ಟದ್ದೆಂದು ಊರು ಹೇಳುತ್ತಿತ್ತು. ಇವತ್ತು ನಾನೇ ಹೌದು ಅಂದಿದ್ದೆ.

ಕೊಲ್ಲಾಪುರಮ್ಮ ಹುಡುಗಿಯ ಸೆರಗಿನಿಂದ ಅಕ್ಕಿ ತೆಗೆದು, ತೊಳೆದು, ಒಲೆಯ ಮೇಲಿಟ್ಟಳು. ಎಲ್ಲಿಗಾದರೂ ಹೊರಟಾಗ ನಾನು ಎದುರು ಬಂದರೆ ಅಪಶಕುನವೆಂದು ಹಿಂದಕ್ಕೆ ತಿರುಗಿ ಹೋಗುತ್ತಿದ್ದ ಹೆಂಗಸು ಅದು.

“ಮುತ್ತೈದೆ ನೀನು, ಅದ್ನ ತಿನ್ಬ್ಯಾಡ,” ಎಂದೆ.

“ಥೂ, ಸುಮ್ಕಿರೇ. ಮದ್ವೆಯಾದಾಗಿಂದ ಒದೆ ತಿಂದಿದೀನಿ, ಒಂದ್ ತುತ್ತು ಅನ್ನ ತಿನ್ನಾಕಿಲ್ವಾ?”

ಹೇಮಶ್ರೀಯ ದವಡೆಗೆಂದು ಅನ್ನವನ್ನು ಮೆತ್ತಗೆ ಬೇಯಿಸಿದ್ದರು. ಎಲ್ಲರೂ ತಟ್ಟೆ ಇಟ್ಟುಕೊಂಡು ಕೂತರು. ಯಾರೂ ಸೌಟು ಮುಟ್ಟಲಿಲ್ಲ, ನನಗಾಗಿ ಕಾಯುತ್ತಿದ್ದರು. ಎದ್ದು ಬಡಿಸಲು ಕೈ ಎತ್ತಿದೆ. ಹೇಮಶ್ರೀ ಮುಖ ಮುಚ್ಚಿಕೊಳ್ಳಲಿಲ್ಲ.

“ಇನ್ನೊಂಚೂರು ಹಾಕು ಅತ್ತೆ,” ಎಂದಳು.